ಬಿಸಿಗಾಳಿಯಿಂದಲೇ ತಂಪು: ಮನೆಯಲ್ಲೇ ಮಾಡಿ ಜೋಡಿ ಮಡಕೆಯ ತರಕಾರಿ ಪೆಟ್ಟಿಗೆ

ವಿಜಯಪುರದ ಏಪ್ರಿಲ್ ಬಿಸಿಲನ್ನು ಬೈಯದವರಿಲ್ಲ. ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಮಧ್ಯಾಹ್ನದ ಗಾಳಿ ಮುಖಕ್ಕೆ ರಾಚುತ್ತದೆ, ಬೆಳಿಗ್ಗೆ ತಂದ ಕೊತ್ತಂಬರಿ ಊಟದ ಹೊತ್ತಿಗೆ ಬಾಡಿ ಮಲಗುತ್ತದೆ. ಆದರೆ ಈ ಗಾಳಿಗೆ ಕರಾವಳಿಯವರಿಗೆ ದುಡ್ಡು ಕೊಟ್ಟರೂ ಸಿಗದ ಒಂದು ಗುಣವಿದೆ. ಅದು ಒಣಗಾಳಿ. ನೀರು ಕಂಡಲ್ಲಿ ಹೀರುತ್ತದೆ, ಹೀರುವಾಗ ಅಲ್ಲಿದ್ದ ಶಾಖವನ್ನೂ ಹೊತ್ತೊಯ್ಯುತ್ತದೆ. ಈ ಒಂದು ಗುಣವನ್ನೇ ನಂಬಿ ಎರಡು ಮಡಕೆ ಮತ್ತು ಒಂದಿಷ್ಟು ಮರಳಿನಿಂದ ಕರೆಂಟು ಬೇಡದ ತರಕಾರಿ ಪೆಟ್ಟಿಗೆಯನ್ನು ಒಂದು ಭಾನುವಾರದಲ್ಲಿ ಮಾಡಿ ಮುಗಿಸಬಹುದು.

ಮಡಕೆಯ ನೀರು ತಣ್ಣಗಿರುತ್ತದೆ ಎಂಬುದು ಅಜ್ಜಿಯರಿಗೂ ಗೊತ್ತಿತ್ತು, ಇದರಲ್ಲಿ ಹೊಸದೇನು ಎಂದು ಕೇಳಬಹುದು. ಹೊಸತನ ಇರುವುದು ಜೋಡಣೆಯಲ್ಲಿ. ದೊಡ್ಡ ಮಡಕೆಯೊಳಗೆ ಸಣ್ಣ ಮಡಕೆ, ನಡುವೆ ಒದ್ದೆ ಮರಳು. ನೀರು ಹೊರಗೋಡೆಯ ಮೂಲಕ ಆವಿಯಾಗುತ್ತದೆ, ಒಳಗಿನ ಮಡಕೆ ತಂಪಾಗುತ್ತದೆ, ಅದರಲ್ಲಿ ತರಕಾರಿ ಇಡುತ್ತೇವೆ. ಕುಂಬಾರರ ಮನೆತನದಲ್ಲಿ ಹುಟ್ಟಿದ ಉತ್ತರ ನೈಜೀರಿಯಾದ ಶಿಕ್ಷಕ ಮೊಹಮ್ಮದ್ ಬಾ ಅಬ್ಬಾ 1990ರ ದಶಕದಲ್ಲಿ ಇಂಥ ಜೋಡಿ ಮಡಕೆಗಳನ್ನು ಮಾಡಿಸಿ ಹಳ್ಳಿಹಳ್ಳಿಗೆ ಮುಟ್ಟಿಸಿದರು. 2000ರಲ್ಲಿ ಅವರಿಗೆ ರೋಲೆಕ್ಸ್ ಪ್ರಶಸ್ತಿ ಬಂತು. ಮೂರು ದಿನಕ್ಕೆ ಕೆಡುತ್ತಿದ್ದ ಬದನೆಕಾಯಿ ಅವರ ಮಡಕೆಯಲ್ಲಿ 27 ದಿನ ಉಳಿಯಿತೆಂದು ಆಗ ವರದಿಯಾಗಿತ್ತು. ನಮ್ಮ ದೇಶದಲ್ಲಿ ಗುಜರಾತಿನ ವಾಂಕಾನೇರದ ಮನ್‌ಸುಖ್‌ಭಾಯಿ ಪ್ರಜಾಪತಿ ಇದೇ ತತ್ವವನ್ನು ಬಾಗಿಲಿರುವ ಮಣ್ಣಿನ ಕಪಾಟಿಗೆ ಇಳಿಸಿ ‘ಮಿಟ್ಟಿಕೂಲ್’ ಎಂದು ಹೆಸರಿಟ್ಟರು.

ಇದಕ್ಕೆ ‘ಬಡವರ ಫ್ರಿಜ್’ ಎಂಬ ಹಣೆಪಟ್ಟಿ ಅಂಟಿಕೊಂಡಿದೆ. ನನಗೆ ಅದು ಒಪ್ಪಿಗೆಯಿಲ್ಲ. ಫ್ರಿಜ್ಜಿನ ಒಳಗೆ 4–5 ಡಿಗ್ರಿ ಇರುತ್ತದೆ. ಬದನೆಕಾಯಿ, ಸೌತೆಕಾಯಿ, ಟೊಮೆಟೊಗಳಿಗೆ ಸುಮಾರು 10 ಡಿಗ್ರಿಗಿಂತ ಕೆಳಗಿನ ಚಳಿ ಆಗಿಬರುವುದಿಲ್ಲ. ಬದನೆಯ ಬೀಜ ಕಂದುಗಟ್ಟುತ್ತದೆ, ಸೌತೆಯ ಸಿಪ್ಪೆಯಲ್ಲಿ ಗುಳಿ ಬೀಳುತ್ತದೆ, ಟೊಮೆಟೊ ರುಚಿ ಕಳೆದುಕೊಳ್ಳುತ್ತದೆ. ಮನೆಯಲ್ಲಿ ದೊಡ್ಡ ಫ್ರಿಜ್ ಇರುವವರೂ ಈ ಮೂರಕ್ಕಾಗಿ ಒಂದು ಜೋಡಿ ಮಡಕೆ ಇಟ್ಟುಕೊಳ್ಳಬೇಕು ಎಂಬುದು ನನ್ನ ವಾದ.

ಮೊದಲು ಗಾಳಿಯನ್ನು ಅಳೆಯಿರಿ

ಮಡಕೆಗೆ ದುಡ್ಡು ಹಾಕುವ ಮೊದಲು ನಿಮ್ಮ ಮನೆಯ ಗಾಳಿ ಎಷ್ಟು ಒಣಗಿದೆ ಎಂದು ನೋಡಿಕೊಳ್ಳಿ. ಉದ್ದ ತಂತಿಯ ತುದಿಗೆ ಸೆನ್ಸರ್ ಇರುವ ಪುಟ್ಟ ಡಿಜಿಟಲ್ ಥರ್ಮಾಮೀಟರ್ ಇನ್ನೂರು ಮುನ್ನೂರು ರೂಪಾಯಿಗೆ ಸಿಗುತ್ತದೆ. ಮೀನಿನ ತೊಟ್ಟಿಗೆ ಹಾಕುವುದೂ ಇದನ್ನೇ. ನೆರಳಿನಲ್ಲಿ ಮೊದಲು ಒಣ ಸೆನ್ಸರ್ ಇಟ್ಟು ಅಂಕಿ ಬರೆದುಕೊಳ್ಳಿ. ಆಮೇಲೆ ಸೆನ್ಸರಿಗೆ ತೆಳು ಹತ್ತಿ ಬಟ್ಟೆ ಸುತ್ತಿ, ನೀರಲ್ಲಿ ಅದ್ದಿ, ಐದು ನಿಮಿಷ ಬೀಸಣಿಕೆಯಿಂದ ಗಾಳಿ ಹಾಕಿ. ಅಂಕಿ ಎಲ್ಲಿಗೆ ಇಳಿದು ನಿಲ್ಲುತ್ತದೋ ಅದೇ ನಿಮ್ಮ ಮಡಕೆ ಮುಟ್ಟಬಹುದಾದ ತಳ. 40 ಡಿಗ್ರಿ ಬಿಸಿಲು, ಶೇ 20 ತೇವಾಂಶ ಇದ್ದರೆ ಒದ್ದೆ ಬಟ್ಟೆ 22–23 ಡಿಗ್ರಿಗೆ ಇಳಿಯುತ್ತದೆ. ಅದೇ ಮಳೆಗಾಲದಲ್ಲಿ 28 ಡಿಗ್ರಿ, ಶೇ 85 ತೇವಾಂಶ ಇದ್ದರೆ 26ಕ್ಕೇ ನಿಂತುಬಿಡುತ್ತದೆ. ಮೊದಲನೆಯದರಲ್ಲಿ ಹದಿನೇಳು ಡಿಗ್ರಿ ಲಾಭ, ಎರಡನೆಯದರಲ್ಲಿ ಎರಡೇ. ಮಡಕೆ ಆ ತಳವನ್ನು ಪೂರ್ತಿ ಮುಟ್ಟುವುದಿಲ್ಲ, ಕೆಲವು ಡಿಗ್ರಿ ಮೇಲೆಯೇ ಉಳಿಯುತ್ತದೆ. ಆದ್ದರಿಂದ ಒಣ ಮತ್ತು ಒದ್ದೆ ಅಂಕಿಗಳ ನಡುವೆ ಹತ್ತು ಡಿಗ್ರಿಯಾದರೂ ಅಂತರ ಇದ್ದರೆ ಮುಂದುವರಿಯಿರಿ.

ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 2,400 ಕಿಲೊಜೂಲ್ ಶಾಖ ಒಯ್ಯುತ್ತದೆ. ವಿದ್ಯುತ್ತಿನ ಲೆಕ್ಕದಲ್ಲಿ ಹೇಳುವುದಾದರೆ ಒಂದು ಯೂನಿಟ್ಟಿನ ಮೂರನೇ ಎರಡು ಭಾಗ. ಕೊಡದಿಂದ ಒಂದು ತಂಬಿಗೆ ನೀರಿಗೆ ಇಷ್ಟು ಕೆಲಸ!

ಮಡಕೆ ಆರಿಸುವುದು

ಯಶಸ್ಸಿನ ಮುಕ್ಕಾಲು ಪಾಲು ಇಲ್ಲಿಯೇ ಇದೆ, ಹಾಗಾಗಿ ಅವಸರ ಬೇಡ. ಹೊರಗಿನ ಮಡಕೆಯ ಬಾಯಿ 38–40 ಸೆಂಟಿಮೀಟರ್ ಅಗಲ ಇರಲಿ. ಒಳಗಿನದು ಅತಿ ಅಗಲವಾದ ಜಾಗದಲ್ಲಿ 30 ಸೆಂಟಿಮೀಟರ್ ಇದ್ದರೆ ಸುತ್ತಲೂ ನಾಲ್ಕೈದು ಸೆಂಟಿಮೀಟರ್ ಸಂದು ಸಿಗುತ್ತದೆ. ನೀರಿನ ಕೊಡದ ಹಾಗೆ ಕತ್ತು ಕಿರಿದಾಗಿದ್ದರೆ ಕೆಲಸಕ್ಕೆ ಬಾರದು. ಅಂಗಡಿಯಲ್ಲಿ ಅಳತೆ ಪಟ್ಟಿ ಹಿಡಿದು ನಿಲ್ಲಲು ನಾಚಿಕೆಪಡಬೇಡಿ. ದೊಡ್ಡ ಹೂಕುಂಡ ಕೂಡ ಆಗುತ್ತದೆ. ತಳದ ತೂತನ್ನು ಮಾತ್ರ ಸಿಮೆಂಟಿನಿಂದ ಮುಚ್ಚಿ ಎರಡು ದಿನ ನೀರುಣಿಸಿ.

ಹೊರ ಮಡಕೆಗೆ ಬಣ್ಣ, ವಾರ್ನಿಷ್, ಹೊಳಪಿನ ಲೇಪ ಯಾವುದೂ ಇರಬಾರದು. ಒಣ ಮಡಕೆಯ ಮೇಲೆ ನೀರಿನ ಹನಿ ಚಿಮುಕಿಸಿ: ಹನಿ ಜಾರಿದರೆ ಬಿಟ್ಟುಬಿಡಿ, ಕ್ಷಣದಲ್ಲಿ ಇಂಗಿದರೆ ಕೊಳ್ಳಿ. ಬೆರಳ ಗಿಣ್ಣಿನಿಂದ ಬಡಿದಾಗ ಗಣ್ ಎನ್ನಬೇಕು, ಬಿರುಕು ಬಿಟ್ಟದ್ದು ಲಟ್ ಎನ್ನುತ್ತದೆ. ಕುಂಬಾರರ ಹತ್ತಿರ ಹೇಳಿ ಮಾಡಿಸುವ ಅನುಕೂಲ ಇದ್ದರೆ ಜೇಡಿಮಣ್ಣಿಗೆ ಸ್ವಲ್ಪ ಹೊಟ್ಟು ಅಥವಾ ಕಟ್ಟಿಗೆಪುಡಿ ಬೆರೆಸಲು ಕೇಳಿ. ಆವಿಗೆಯಲ್ಲಿ ಅದು ಉರಿದುಹೋಗಿ ಸಣ್ಣ ಸಣ್ಣ ರಂಧ್ರ ಉಳಿಯುತ್ತವೆ, ಮಡಕೆ ಚೆನ್ನಾಗಿ ಜಿನುಗುತ್ತದೆ. ಬೆಳಗಾವಿ ಕಡೆಯವರಿಗೆ ಖಾನಾಪುರ ಹತ್ತಿರ. ಕುಂಬಾರಿಕೆಗೆ ಹೆಸರಾದ ಆ ಊರಿನಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆಯೇ ಇದೆ.

ಚಂದ ಕಾಣಲೆಂದು ಹೊರಗೋಡೆಗೆ ಆಯಿಲ್ ಪೇಂಟ್ ಬಳಿಯುವವರಿದ್ದಾರೆ. ಬಳಿದ ಕ್ಷಣವೇ ಅದು ಬರಿ ಅಲಂಕಾರದ ಕುಂಡ. ಅಂದ ಬೇಕೇ ಬೇಕೆಂದರೆ ಕೆಮ್ಮಣ್ಣು, ಸುಣ್ಣದಲ್ಲಿ ತೆಳುವಾದ ಗೆರೆ ಎಳೆಯಿರಿ, ಅವು ಉಸಿರುಗಟ್ಟಿಸುವುದಿಲ್ಲ. ಗುಳೇದಗುಡ್ಡದ ಖಣದ ಪಟ್ಟಿಯನ್ನು ಬಾಯಿಯ ಅಂಚಿಗಷ್ಟೇ ಕಟ್ಟಿದರೂ ನೋಡಲು ಸೊಗಸು.

ಮರಳು ಮತ್ತು ಜೋಡಣೆ

ಈ ಅಳತೆಗೆ 25ರಿಂದ 30 ಕಿಲೊ ಮರಳು ಬೇಕು. ದಪ್ಪ ಕಾಳಿನ ಹೊಳೆ ಮರಳು ಒಳ್ಳೆಯದು. ಎಂ-ಸ್ಯಾಂಡ್ ಮಾತ್ರ ಸಿಕ್ಕರೆ ಬಕೆಟ್ಟಿನಲ್ಲಿ ಹಾಕಿ, ಮೇಲಿನ ನೀರು ತಿಳಿಯಾಗುವವರೆಗೂ ತೊಳೆಯಿರಿ; ಅದರ ಕಲ್ಲುಪುಡಿ ಮಡಕೆಯ ರಂಧ್ರಗಳಿಗೆ ಮೆತ್ತಿಕೊಳ್ಳುತ್ತದೆ. ಡೋಣಿ ನದಿಯಂತಹ ಸವಳು ಪ್ರದೇಶದ ಮರಳಾದರೆ ತೊಳೆಯುವುದು ಇನ್ನೂ ಮುಖ್ಯ.

ಎರಡೂ ಮಡಕೆಗಳನ್ನು ಹಿಂದಿನ ರಾತ್ರಿ ನೀರಲ್ಲಿ ನೆನೆಸಿಡಿ. ಬೆಳಿಗ್ಗೆ ಮೊದಲು ಜಾಗ ಗೊತ್ತುಮಾಡಿ, ಅಲ್ಲಿಯೇ ಜೋಡಿಸಿ. ತುಂಬಿದ ಮೇಲೆ ಇದನ್ನು ಎತ್ತುವುದು ಇಬ್ಬರಿಗೂ ಕಷ್ಟ, ಎತ್ತುವಾಗ ಬಾಯಂಚು ಮುರಿಯುವುದು ಖಚಿತ. ಜಾಗ ಹೇಗಿರಬೇಕು? ನೆರಳು ಇರಬೇಕು, ಗಾಳಿ ಆಡಬೇಕು. ಪಡಸಾಲೆಯ ಬಾಗಿಲಿನ ನೇರ, ಎರಡು ಕಿಟಕಿಗಳ ನಡುವಿನ ಜಾಗ ಸೂಕ್ತ. ಮುಚ್ಚಿದ ಅಡುಗೆಮನೆಯ ಮೂಲೆ ಬೇಡ, ಅಲ್ಲಿನ ಹಬೆಯಲ್ಲಿ ಮಡಕೆಗೆ ಬೆವರಲು ಬಿಡುವೇ ಇರುವುದಿಲ್ಲ. ನೆಲದ ಮೇಲೆ ನೇರವಾಗಿ ಇಡದೆ ಗಟ್ಟಿ ಕಬ್ಬಿಣದ ಸ್ಟ್ಯಾಂಡಿನ ಮೇಲಿಟ್ಟರೆ ತಳದಿಂದಲೂ ನೀರು ಆವಿಯಾಗುತ್ತದೆ, ಇರುವೆಯ ಕಾಟವೂ ಕಡಿಮೆ.

ಹೊರ ಮಡಕೆಯ ತಳಕ್ಕೆ ಮರಳು ಹಾಕಿ, ಒಳ ಮಡಕೆ ಇಟ್ಟು ನೋಡಿ. ಎರಡರ ಬಾಯಿಯೂ ಒಂದೇ ಮಟ್ಟಕ್ಕೆ ಬರಬೇಕು, ಇಲ್ಲವೇ ಒಳಗಿನದು ಒಂದು ಬೆರಳು ಮೇಲಿರಬೇಕು. ಸುತ್ತಲಿನ ಸಂದಿಗೆ ಹಿಡಿ ಹಿಡಿಯಾಗಿ ಮರಳು ಸುರಿಯುತ್ತಾ ಕೋಲಿನಿಂದ ಮೆಲ್ಲಗೆ ಅದುಮಿ. ಎಲ್ಲಿಯೂ ಪೊಳ್ಳು ಉಳಿಯಬಾರದು. ಬಾಯಿಯಿಂದ ಎರಡು ಬೆರಳು ಕೆಳಗೆ ನಿಲ್ಲಿಸಿ, ನೀರು ಹಾಕುವಾಗ ಒಳಕ್ಕೆ ತುಳುಕದಿರಲು ಅಷ್ಟು ಜಾಗ ಬೇಕು. ಈಗ ಮರಳಿಗೆ ನಿಧಾನವಾಗಿ ನೀರು ಹಾಕಿ. ಮರಳು ತೊಯ್ಯಬೇಕು, ಮೇಲೆ ನೀರು ನಿಲ್ಲಬಾರದು. ನಿಂತರೆ ಸೊಳ್ಳೆ ಮೊಟ್ಟೆಯಿಡುತ್ತದೆ, ತರಕಾರಿ ಉಳಿಸಲು ಹೋಗಿ ಡೆಂಗಿ ತಂದುಕೊಂಡ ಹಾಗಾಗುತ್ತದೆ.

ಒಳ ಮಡಕೆಯ ತಳದಲ್ಲಿ ಬಿದಿರಿನ ಸಣ್ಣ ಜಾಲರಿ ಇಡಿ. ಮುಚ್ಚಳಕ್ಕೆ ಹಳೆಯ ಧೋತರದ ಹತ್ತಿ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಒದ್ದೆಮಾಡಿ ಹೊದಿಸಿ, ಅದರ ಮೇಲೆ ಮಣ್ಣಿನ ತಟ್ಟೆ. ಸ್ಟೀಲ್ ತಟ್ಟೆ ಬೇಡ, ಅದು ಬೆವರದು. ಮೂರು ನಾಲ್ಕು ಗಂಟೆ ಬಿಟ್ಟು ಸೆನ್ಸರನ್ನು ಒಳಗೆ ಇಳಿಬಿಟ್ಟು ನೋಡಿ. ಹೊರಗಿಗಿಂತ ಎಂಟು ಹತ್ತು ಡಿಗ್ರಿ ಕಡಿಮೆ ಇದ್ದರೆ ಕೆಲಸ ಗೆದ್ದಂತೆ.

ಯಾವ ನೀರು?

ದಿನಕ್ಕೆರಡು ಬಾರಿ, ಬೆಳಿಗ್ಗೆ ಮತ್ತು ಮಧ್ಯಾಹ್ನ ನೀರು ಹಾಕಬೇಕು. ಬಿರುಬೇಸಿಗೆಯಲ್ಲಿ ಒಂದೆರಡು ಲೀಟರ್ ಹಿಡಿಯುತ್ತದೆ. ಎಷ್ಟು ನೀರು ಎನ್ನುವುದಕ್ಕಿಂತ ಎಂಥ ನೀರು ಎನ್ನುವುದು ಇಲ್ಲಿ ದೊಡ್ಡ ಪ್ರಶ್ನೆ. ನೀರು ಆವಿಯಾದರೂ ಅದರಲ್ಲಿನ ಲವಣ ಮಡಕೆಯ ಮೈಮೇಲೆ ಉಳಿಯುತ್ತದೆ. ಗಡಸು ಬೋರ್‌ವೆಲ್ ನೀರು ಹಾಕುತ್ತಾ ಹೋದರೆ ಕೆಲ ವಾರಗಳಲ್ಲಿ ಹೊರಗೋಡೆ ಬೂದಿ ಬಳಿದಂತೆ ಬೆಳ್ಳಗಾಗುತ್ತದೆ, ರಂಧ್ರ ಮುಚ್ಚುತ್ತವೆ, ತಂಪು ಕುಗ್ಗುತ್ತದೆ. ನೀರು ಶುದ್ಧ ಮಾಡುವ ಆರ್‌ಒ ಯಂತ್ರ ಹೊರಹಾಕುವ ನೀರನ್ನು ಉಳಿತಾಯದ ಹೆಸರಲ್ಲಿ ಇದಕ್ಕೆ ಸುರಿಯುವ ಆಸೆ ಬರುತ್ತದೆ. ಸುರಿಯಬೇಡಿ, ಲವಣವೆಲ್ಲ ಸೇರಿರುವುದು ಆ ನೀರಿನಲ್ಲೇ. ಎಸಿಯಿಂದ ತೊಟ್ಟಿಕ್ಕುವ ನೀರು ಸಿಕ್ಕರೆ ಬಿಡಬೇಡಿ, ಅದರಲ್ಲಿ ಲವಣವೇ ಇರುವುದಿಲ್ಲ. ಬಿಳಿ ಪೊರೆ ಬಂದರೆ ತೆಂಗಿನ ನಾರಿನಿಂದ ಉಜ್ಜಿ, ಹಿಂಡಿದ ನಿಂಬೆಹೋಳಿನಿಂದ ತಿಕ್ಕಿ ತೊಳೆಯಿರಿ.

ಆದಿಲ್‌ಶಾಹಿಗಳು ತೊರವಿ ಕಡೆಯಿಂದ ವಿಜಯಪುರಕ್ಕೆ ನೀರು ತಂದದ್ದು ನೆಲದಡಿಯ ಸುರಂಗದಲ್ಲಿ. ನೆಲದಡಿ ಹರಿಯುವ ನೀರು ಬಿಸಿಲಿಗೆ ಆವಿಯಾಗದು. ಆವಿಯಾಗದಂತೆ ಅವರು ಅಷ್ಟೆಲ್ಲ ಅಗೆದ ಊರಿನಲ್ಲಿ ನಾವು ಬೇಕೆಂದೇ ಆವಿ ಮಾಡುತ್ತಿದ್ದೇವೆ, ಹಾಗಾಗಿ ಆ ಒಂದೆರಡು ಲೀಟರನ್ನಾದರೂ ಲೆಕ್ಕವಿಟ್ಟು ಹಾಕೋಣ.

ಫ್ಯಾನ್ ಜೋಡಿಸುವ ಉಮೇದು ಇದ್ದವರಿಗೆ

ಗಾಳಿ ಆಡದ ಮನೆಯಾದರೆ ಹಳೆಯ ಕಂಪ್ಯೂಟರಿನ ಫ್ಯಾನ್ ಕೈಹಿಡಿಯುತ್ತದೆ. ಅದು 12 ವೋಲ್ಟಿನದು. ಮೂಲೆಗೆ ಬಿದ್ದ ವೈಫೈ ರೌಟರಿನ ಅಡಾಪ್ಟರ್ ಬಹಳ ಸಲ 12 ವೋಲ್ಟಿನದೇ ಆಗಿರುತ್ತದೆ, ಮೇಲೆ ಬರೆದಿದ್ದನ್ನು ಓದಿ ಖಚಿತಪಡಿಸಿಕೊಳ್ಳಿ. ಫ್ಯಾನಿನ ಕೆಂಪು ತಂತಿ ಧನಕ್ಕೆ, ಕಪ್ಪು ಋಣಕ್ಕೆ. ಹಳದಿ ತಂತಿ ಇದ್ದರೆ ಅದಕ್ಕೆ ಟೇಪ್ ಸುತ್ತಿ ಬಿಟ್ಟುಬಿಡಿ, ಅದು ವೇಗ ತಿಳಿಸುವ ತಂತಿ. ಒಂದು ಗೇಣು ದೂರದಲ್ಲಿ, ನೀರು ಸಿಡಿಯದ ಎತ್ತರದಲ್ಲಿ, ಹೊರ ಮಡಕೆಯ ಹೊಟ್ಟೆಗೆ ಗಾಳಿ ಬಡಿಯುವಂತೆ ನಿಲ್ಲಿಸಿ. ಇಂಥ ಫ್ಯಾನ್ ಎರಡೂವರೆ ವಾಟ್ ಆಸುಪಾಸು ತಿನ್ನುತ್ತದೆ, ದಿನಕ್ಕೆ ಹತ್ತು ಗಂಟೆ ಓಡಿಸಿದರೂ ತಿಂಗಳಿಗೆ ಒಂದು ಯೂನಿಟ್ ಆಗದು.

ಏನು ಇಡಬೇಕು, ಏನು ಬೇಡ

ಮೆಂತ್ಯ, ಕೊತ್ತಂಬರಿ, ರಾಜಗಿರಿ, ಹಸಿಮೆಣಸಿನಕಾಯಿ, ಬದನೆ, ಸೌತೆ, ಟೊಮೆಟೊ, ಗಜ್ಜರಿ, ನಿಂಬೆ ಧಾರಾಳವಾಗಿ ಇಡಿ. ಒಟ್ಟು ನಾಲ್ಕೈದು ಕಿಲೊ ಹಿಡಿಸುತ್ತದೆ. ಮಾಗಿದ ಬಾಳೆಹಣ್ಣನ್ನು ಮಾತ್ರ ಜೊತೆಗಿಡಬೇಡಿ. ಅದು ಬಿಡುವ ಎಥಿಲೀನ್ ಅನಿಲಕ್ಕೆ ಸೊಪ್ಪು ಬೇಗ ಹಳದಿಯಾಗುತ್ತದೆ. ಒಳಗೆ ತೇವ ಹೆಚ್ಚಿರುವುದರಿಂದ ಉಳ್ಳಾಗಡ್ಡಿ, ಬೆಳ್ಳುಳ್ಳಿ ಕೊಳೆಯುತ್ತವೆ. ಕಡಕ್ ರೊಟ್ಟಿ ಇಟ್ಟರಂತೂ ಅದರ ಕಥೆ ಮುಗಿಯಿತು. ಹಾಲು, ಮಾಂಸ, ಮಾಡಿದ ಪಲ್ಯವನ್ನು ಇದಕ್ಕೆ ನಂಬಿ ಬಿಡಬೇಡಿ, 25 ಡಿಗ್ರಿಯಲ್ಲಿ ಅವು ಕೆಡುವುದು ನಿಲ್ಲುವುದಿಲ್ಲ. ಇನ್ಸುಲಿನ್ ಇಡಬಹುದೇ ಎಂದು ಕೇಳುವವರಿಗೆ: ತೆರೆಯದ ಸೀಸೆಗೆ 2ರಿಂದ 8 ಡಿಗ್ರಿ ಬೇಕು, ಅದು ಈ ಮಡಕೆಯ ಶಕ್ತಿಗೆ ಮೀರಿದ್ದು. ಬಳಕೆಯಲ್ಲಿರುವ ಸೀಸೆಯ ಬಗ್ಗೆ ನಿಮ್ಮ ವೈದ್ಯರನ್ನೇ ಕೇಳಿ.

ಹೊಲದ ಅಳತೆಗೆ

ಇಂಡಿ ಭಾಗದ ನಿಂಬೆ ಬೆಳೆಗಾರರಿಗೆ ನಾಲ್ಕು ಕಿಲೊದ ಮಡಕೆ ಯಾವ ಮೂಲೆಗೆ? ಅವರಿಗೆ ಇದೇ ತತ್ವದ ಇಟ್ಟಿಗೆಯ ಕೋಣೆ ಇದೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ 1980ರ ದಶಕದಲ್ಲೇ ರೂಪಿಸಿದ್ದು. ನೆರಳಿನಲ್ಲಿ 165 ಸೆಂಟಿಮೀಟರ್ ಉದ್ದ, 115 ಸೆಂಟಿಮೀಟರ್ ಅಗಲದ ಇಟ್ಟಿಗೆ ನೆಲ, ಅದರ ಮೇಲೆ 67.5 ಸೆಂಟಿಮೀಟರ್ ಎತ್ತರದ ಜೋಡಿ ಗೋಡೆ, ಗೋಡೆಗಳ ನಡುವೆ 7.5 ಸೆಂಟಿಮೀಟರ್ ಸಂದಿನಲ್ಲಿ ಒದ್ದೆ ಮರಳು, ಮೇಲೆ ಬಿದಿರಿನ ಚೌಕಟ್ಟಿಗೆ ಹುಲ್ಲು ಹೊದಿಸಿದ ಮುಚ್ಚಳ. ಸುಮಾರು ಒಂದು ಕ್ವಿಂಟಲ್ ಹಣ್ಣು ತರಕಾರಿ ಹಿಡಿಸುತ್ತದೆ. ಸಿಮೆಂಟಿನ ಗಿಲಾವು ಮಾತ್ರ ಮಾಡಬೇಡಿ, ಇಟ್ಟಿಗೆ ಬೆವರಬೇಕು. ಸಂತೆಗೆ ಇನ್ನೆರಡು ದಿನ ಇದೆ, ಇವತ್ತಿನ ದರ ಗಿಟ್ಟುವುದಿಲ್ಲ ಎನ್ನುವಾಗ ಆ ಎರಡು ದಿನವನ್ನು ಈ ಕೋಣೆ ಕೊಡುತ್ತದೆ.

ಮಳೆಗಾಲಕ್ಕೆ ಮುನ್ನ

ಜೂನ್‌ನಲ್ಲಿ ಮಳೆ ಹಿಡಿಯುತ್ತಿದ್ದಂತೆ ಒದ್ದೆ ಬಟ್ಟೆಯ ಪರೀಕ್ಷೆ ಮತ್ತೊಮ್ಮೆ ಮಾಡಿ. ಅಂತರ ನಾಲ್ಕೈದು ಡಿಗ್ರಿಗೆ ಇಳಿದಿದ್ದರೆ ಪೆಟ್ಟಿಗೆಯನ್ನು ಬಿಚ್ಚಿಬಿಡಿ, ಇಲ್ಲದಿದ್ದರೆ ಒಳಗೆ ಬೂಷ್ಟು ಬೆಳೆಯುತ್ತದೆ. ಮೊದಲು ಮರಳನ್ನು ಚಮಚದಿಂದ ತೋಡಿ ತೆಗೆಯಿರಿ, ಆಮೇಲೆ ಒಳ ಮಡಕೆ ಎತ್ತಿ. ಮರಳಿರುವಾಗ ಎಳೆದರೆ ಅಂಚು ಕೈಗೇ ಬರುತ್ತದೆ. ಮಡಕೆಗಳನ್ನು ತೊಳೆದು ಎರಡು ಮೂರು ದಿನ ಬಿಸಿಲಿಗಿಟ್ಟು, ಬೋರಲು ಹಾಕಿಡಿ. ಮರಳನ್ನೂ ತೊಳೆದು ಒಣಗಿಸಿ ಚೀಲಕ್ಕೆ ತುಂಬಿ. ನವೆಂಬರಿನಲ್ಲಿ ಗಾಳಿ ಮತ್ತೆ ಒಣಗಿದ ಮೇಲೆ ಅದೇ ಮರಳು ಬಳಸಬಹುದು, ಮಡಕೆಗಳನ್ನು ಮಾತ್ರ ಮತ್ತೆ ಒಂದು ರಾತ್ರಿ ನೆನೆಸಬೇಕು.