ವಾಂತಿ ಮಾತ್ರೆ: ಎರಡನೆಯದನ್ನು ನುಂಗುವ ಮುಂಚೆ

ವಾಂತಿ ನಿಲ್ಲಿಸುವ ಮಾತ್ರೆಯನ್ನು ನಾನು ಮೊದಲ ಸಲ ಹಾಳು ಮಾಡಿದ್ದು ನೀರು ಕುಡಿಸಿ. ದೊಡ್ಡಮ್ಮನಿಗೆ ಬೆಳಗಿನಿಂದ ವಾಂತಿ. ಡಾಕ್ಟರ್ ನಾಲಿಗೆಯ ಮೇಲೆ ಕರಗುವ ಮಾತ್ರೆ ಬರೆದುಕೊಟ್ಟಿದ್ದರು. ಅದನ್ನು ಪಟ್ಟಿಯಿಂದ ಬೆರಳಲ್ಲಿ ಒತ್ತಿ ತೆಗೆದೆ, ಅರ್ಧ ಪುಡಿಯಾಗಿ ನೆಲಕ್ಕೆ ಬಿತ್ತು. ಉಳಿದದ್ದನ್ನು ಬಾಯಿಗೆ ಹಾಕಿ ಲೋಟದ ತುಂಬ ನೀರು ಕುಡಿಸಿದೆ. ಎರಡೇ ನಿಮಿಷ, ನೀರೂ ಹೊರಗೆ, ಮಾತ್ರೆಯೂ ಹೊರಗೆ. "ಅದು ಹೋಯ್ತಲ್ಲೋ, ಇನ್ನೊಂದು ಕೊಡು" ಅಂದರು. ಕೊಟ್ಟೆ. ಅರ್ಧ ಗಂಟೆ ಬಿಟ್ಟು ಮತ್ತೊಂದು. ಎಷ್ಟು ಒಳಗೆ ಉಳಿಯಿತು, ಎಷ್ಟು ಹೊರಗೆ ಹೋಯಿತು ಅನ್ನುವ ಲೆಕ್ಕ ನಮ್ಮಿಬ್ಬರ ಹತ್ತಿರವೂ ಇರಲಿಲ್ಲ. ಆಮೇಲೆ ಇದೇ ಎಡವಟ್ಟನ್ನು ಎಷ್ಟೋ ಜನ ಮಾಡುವುದನ್ನು ನೋಡಿದ್ದೇನೆ.

ಹಂತ 1: ಹೆಸರು ಓದಿ

ಪಟ್ಟಿಯ ಮೇಲೆ ದೊಡ್ಡದಾಗಿರುವುದು ಕಂಪನಿ ಇಟ್ಟ ಹೆಸರು. ನಿಮಗೆ ಬೇಕಾದದ್ದು ಅದರ ಕೆಳಗೆ ಸಣ್ಣ ಅಕ್ಷರದಲ್ಲಿರುವ ಔಷಧಿಯ ಹೆಸರು. ವಾಂತಿ ಮಾತ್ರೆ ಅಂದರೆ ಎಲ್ಲವೂ ಒಂದೇ ಅಲ್ಲ. ಒಂಡಾನ್ಸೆಟ್ರಾನ್ ತಡೆಯುವುದು ಸೆರೊಟೋನಿನ್ ಸಂಕೇತವನ್ನು (ಸೆರೊಟೋನಿನ್ ಅಂದರೆ ನರಗಳ ನಡುವೆ ಸುದ್ದಿ ಒಯ್ಯುವ ರಾಸಾಯನಿಕ). ಮೆಟೋಕ್ಲೋಪ್ರಮೈಡ್ ಮತ್ತು ಡೊಂಪೆರಿಡೋನ್ ತಡೆಯುವುದು ಡೋಪಮೈನ್ ಎಂಬ ಅಂಥದ್ದೇ ಇನ್ನೊಂದನ್ನು, ಜೊತೆಗೆ ಹೊಟ್ಟೆಯಲ್ಲಿರುವುದನ್ನು ಬೇಗ ಮುಂದಕ್ಕೆ ತಳ್ಳುತ್ತವೆ. ಪ್ರೊಮೆಥಜೀನ್ ಅಲರ್ಜಿ ಮಾತ್ರೆಗಳ ಜಾತಿಯದ್ದು, ಚೆನ್ನಾಗಿ ನಿದ್ದೆ ಬರಿಸುತ್ತದೆ. ಪ್ರಯಾಣದಲ್ಲಿ ಬರುವ ವಾಕರಿಕೆ ಕಿವಿಯೊಳಗಿನ ಸಮತೋಲನದ ಭಾಗದಿಂದ ಶುರುವಾಗುವಂಥದ್ದು. ಅದಕ್ಕೆ ಒಂಡಾನ್ಸೆಟ್ರಾನ್ ನುಂಗಿ "ಈ ಮಾತ್ರೆ ದಂಡ" ಎಂದು ಬೈಯುವವರಿದ್ದಾರೆ. ಮಾತ್ರೆಯದೇನೂ ತಪ್ಪಿಲ್ಲ, ಅದು ಆ ಕೆಲಸಕ್ಕೆ ಇರುವುದೇ ಅಲ್ಲ.

ನನಗೆ ಸ್ವಲ್ಪವೂ ಹಿಡಿಸದ ಒಂದು ಸರಕಿದೆ: ಆಸಿಡಿಟಿ ಔಷಧಿ ಮತ್ತು ಡೊಂಪೆರಿಡೋನ್ ಎರಡನ್ನೂ ಸೇರಿಸಿದ ಗುಳಿಗೆ. "ಅದು ಬರೀ ಗ್ಯಾಸ್ಟ್ರಿಕ್ ಮಾತ್ರೆ" ಎಂದುಕೊಂಡು ದಿನಾ ಬೆಳಗ್ಗೆ ನುಂಗುತ್ತಿರುತ್ತಾರೆ. ವಾಂತಿ ಬಂದ ದಿನ ಅದರ ಮೇಲೆ ಇನ್ನೊಂದು ಡೊಂಪೆರಿಡೋನ್ ಹಾಕುತ್ತಾರೆ. ಒಂದೇ ಔಷಧಿ ಎರಡು ಹೆಸರಲ್ಲಿ ಒಳಗೆ ಹೋಯಿತು, ಅಲ್ವಾ? ಮನೆಯಲ್ಲಿ ಅಂಥ ಪಟ್ಟಿ ಇದ್ದರೆ ಇವತ್ತೇ ತಿರುಗಿಸಿ ನೋಡಿ.

ಹಂತ 2: ಡಾಕ್ಟರಿಗೆ ಎಲ್ಲ ಹೇಳಿ

ಹೃದಯ ಬಡಿತದ ತೊಂದರೆ, ಲಿವರ್ ಕಾಯಿಲೆ, ಗರ್ಭ, ಪಾರ್ಕಿನ್ಸನ್ ಇದ್ದರೆ ಕೇಳುವ ಮುಂಚೆಯೇ ಹೇಳಿ. ಪಾರ್ಕಿನ್ಸನ್ ಇರುವವರಿಗೆ ಮೆಟೋಕ್ಲೋಪ್ರಮೈಡ್ ಕೊಡುವುದಿಲ್ಲ. ಖಿನ್ನತೆಯ ಮಾತ್ರೆ, ಎರಿಥ್ರೊಮೈಸಿನ್ ಅಥವಾ ಕ್ಲಾರಿಥ್ರೊಮೈಸಿನ್ ಎಂಬ ಆಂಟಿಬಯಾಟಿಕ್, ಫಂಗಸ್ ಮಾತ್ರೆ, ಟ್ರಮಡಾಲ್ ತರಹದ ನೋವಿನ ಮಾತ್ರೆ ನಡೆಯುತ್ತಿದ್ದರೆ ಅದನ್ನೂ ಹೇಳಿ. ಒಂಡಾನ್ಸೆಟ್ರಾನ್ ಮತ್ತು ಡೊಂಪೆರಿಡೋನ್ ಎರಡಕ್ಕೂ ಹೃದಯದ ಬಡಿತದ ಲಯ ಕೆಡಿಸುವ ಗುಣ ಸ್ವಲ್ಪ ಇದೆ. ಬಹಳ ವಾಂತಿಯಾದಾಗ ಮೈಯಲ್ಲಿ ಪೊಟ್ಯಾಸಿಯಂ ಇಳಿಯುತ್ತದೆ, ಅದರಿಂದಲೂ ಲಯ ಕೆಡಬಹುದು. ಅಂದರೆ ಮಾತ್ರೆ ಹೆಚ್ಚು ಬೇಕೆನಿಸುವ ದಿನವೇ ಹೆಚ್ಚು ಹುಷಾರಾಗಿರಬೇಕು.

ಹೊರಡುವ ಮುಂಚೆ ಒಂದು ಪ್ರಶ್ನೆ ಮರೆಯಬೇಡಿ: "ಮಾತ್ರೆಯೇ ವಾಂತಿಯಾದರೆ ಏನು ಮಾಡಲಿ?" ಉತ್ತರವನ್ನು ಅವರ ಎದುರೇ ಚೀಟಿಯ ಮೇಲೆ ಬರೆದುಕೊಳ್ಳಿ. ರಾತ್ರಿ ಎರಡು ಗಂಟೆಗೆ ಅದು ಬೇಕಾಗುತ್ತದೆ.

ಹಂತ 3: ಬಾಯಿಗೆ ಹಾಕುವುದು

ಮಾಮೂಲಿ ಮಾತ್ರೆಯಾದರೆ ಒಂದು ಗುಟುಕು ನೀರು, ಮುಗಿಯಿತು. ಮೆಟೋಕ್ಲೋಪ್ರಮೈಡ್, ಡೊಂಪೆರಿಡೋನ್ ಊಟಕ್ಕೆ ಮುಂಚೆ.

ಕರಗುವ ಮಾತ್ರೆಯದೇ ಬೇರೆ ಕಥೆ. ಕೈ ಒರೆಸಿಕೊಳ್ಳಿ, ಒದ್ದೆ ಬೆರಳಿಗೆ ಅದು ಅಂಟಿಕೊಂಡು ಅಲ್ಲೇ ಕರಗುತ್ತದೆ. ಪಟ್ಟಿಯ ಹಿಂದಿನ ಹಾಳೆಗೆ ಬಿಡಿಸುವ ಅಂಚು ಇದ್ದರೆ ಅಲ್ಲಿಂದ ಮೆಲ್ಲಗೆ ಸುಲಿಯಿರಿ. ಹಾಳೆಯ ಮೂಲಕ ಒತ್ತಿ ದಬ್ಬಬೇಡಿ, ನನ್ನ ಹಾಗೆ ಪುಡಿ ಮಾಡುತ್ತೀರಿ. ನಾಲಿಗೆಯ ಮೇಲಿಟ್ಟು ಕರಗಲು ಬಿಡಿ, ಎಂಜಲಿನ ಜೊತೆ ನುಂಗಿ. ನೀರು ಬೇಡವೇ ಬೇಡ. ಮುಂಚೆಯೇ ಬಿಡಿಸಿ ತಟ್ಟೆಯಲ್ಲಿ ಇಟ್ಟುಕೊಳ್ಳುವುದೂ ಬೇಡ, ಗಾಳಿಯ ತೇವಕ್ಕೆ ಕೆಡುತ್ತದೆ.

ಜನ ಏನಂದುಕೊಳ್ಳುತ್ತಾರೆ ಅಂದರೆ, ನಾಲಿಗೆಯ ಮೇಲೆ ಕರಗಿದ್ದು ಅಲ್ಲಿಂದಲೇ ಸೀದಾ ರಕ್ತಕ್ಕೆ ಹೋಗಿ ಚಕ್ ಅಂತ ವಾಂತಿ ನಿಲ್ಲಿಸುತ್ತದೆ ಎಂದು. ಹಾಗಲ್ಲ. ಇದೂ ಹೊಟ್ಟೆಗಿಳಿದು ಕರುಳಿನಿಂದಲೇ ರಕ್ತ ಸೇರಬೇಕು. ಕೆಲಸ ಶುರುವಾಗಲು ಸುಮಾರು ಅರ್ಧ ಗಂಟೆ. ರಕ್ತದಲ್ಲಿ ಔಷಧಿ ಪೂರ್ತಿ ಮಟ್ಟಕ್ಕೆ ಏರಲು ಒಂದೂವರೆ ಗಂಟೆಯಷ್ಟು ಬೇಕು. ಕರಗುವ ಮಾತ್ರೆಯ ಅನುಕೂಲ ವೇಗದ್ದಲ್ಲ, ನೀರು ಬೇಡ ಅನ್ನುವುದಷ್ಟೇ.

ಹಂತ 4: ಆಮೇಲಿನ ಒಂದು ಗಂಟೆ

ಎಲ್ಲರೂ ಎಡವುವುದು ಇಲ್ಲೇ. ಮಾತ್ರೆ ಹಾಕಿದ ತಕ್ಷಣ ಗಡಿಯಾರ ನೋಡಿ ಸಮಯ ಬರೆಯಿರಿ. ನೆನಪಿನಲ್ಲಿ ಇಟ್ಟುಕೊಳ್ಳುತ್ತೇನೆ ಅನ್ನಬೇಡಿ. ರೋಗಿಗೆ ನೆನಪಿರುವುದಿಲ್ಲ. ನೋಡಿಕೊಳ್ಳುವವರು ಇಬ್ಬರಾದರೆ ಒಬ್ಬರು ಕೊಟ್ಟದ್ದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಒಂದು ಹಾಳೆ, ಒಂದು ಪೆನ್ನು, ಅಷ್ಟು ಸಾಕು. ಇದಕ್ಕೆ ಮೊಬೈಲ್ ಆಪ್ ಹಾಕಿಕೊಳ್ಳಿ ಅನ್ನುವವರ ಮಾತು ನನಗೆ ರುಚಿಸುವುದಿಲ್ಲ, ಮನೆಯವರೆಲ್ಲ ನೋಡುವಂಥದ್ದು ಗೋಡೆಯ ಮೇಲಿನ ಹಾಳೆಯೇ.

ಈಗ ಮಾತ್ರೆಯೇ ವಾಂತಿಯಾಯಿತು ಅಂದುಕೊಳ್ಳಿ. ಕೈ ತಾನಾಗಿ ಪಟ್ಟಿಯ ಕಡೆ ಹೋಗುತ್ತದೆ. ತಡೆಯಿರಿ. ಎಲ್ಲ ಮಾತ್ರೆಗೂ ಒಂದೇ ನಿಯಮ ಇಲ್ಲ. ಒಂಡಾನ್ಸೆಟ್ರಾನ್ ಡಬ್ಬಿಯೊಳಗಿನ ಮಡಚಿದ ಕಾಗದ ಬಿಡಿಸಿ ನೋಡಿದರೆ, ನುಂಗಿದ ಒಂದು ಗಂಟೆಯೊಳಗೆ ವಾಂತಿಯಾದರೆ ಅಷ್ಟೇ ಪ್ರಮಾಣ ಇನ್ನೊಮ್ಮೆ ತೆಗೆದುಕೊಳ್ಳಿ ಎಂದು ಬರೆದಿರುವುದುಂಟು. ಮೆಟೋಕ್ಲೋಪ್ರಮೈಡ್‌ಗೆ ಇದು ಪೂರ್ತಿ ಉಲ್ಟಾ. ಅದು ವಾಂತಿಯಾಗಿ ಹೊರಗೆ ಹೋದರೂ ಮುಂದಿನದಕ್ಕೆ ಕನಿಷ್ಠ 6 ಗಂಟೆ ಕಾಯಬೇಕು. ಯಾಕೆಂದರೆ ಎಷ್ಟು ಒಳಗೆ ಸೇರಿತ್ತು ಎಂದು ಹೊರಗೆ ಬಂದದ್ದನ್ನು ನೋಡಿ ಹೇಳಲು ಬರುವುದಿಲ್ಲ. ಆ ಔಷಧಿ ಜಾಸ್ತಿಯಾದರೆ ಅದರ ಪೆಟ್ಟು ಬೀಳುವುದು ಮೆದುಳು, ನರಗಳ ಮೇಲೆ. ಡೊಂಪೆರಿಡೋನ್ ದೊಡ್ಡವರಿಗೆ ಸಲಕ್ಕೆ 10 ಮಿಲಿಗ್ರಾಂ, ದಿನಕ್ಕೆ ಮೂರೇ ಸಲ. ಹೋಯಿತು ಎಂದು ನಾಲ್ಕನೆಯದು ಸೇರಿಸುವ ಹಾಗಿಲ್ಲ. ನಿಮ್ಮ ಚೀಟಿಯ ಮೇಲೆ ಡಾಕ್ಟರ್ ಹೇಳಿದ್ದನ್ನು ಬರೆದುಕೊಂಡಿದ್ದರೆ ಅದೇ ನಡೆಯಲಿ. ಬರೆದುಕೊಂಡಿಲ್ಲವಾದರೆ ಫೋನ್ ಮಾಡಿ ಕೇಳಿ.

ಎರಡು ಸಲ ಕೊಟ್ಟರೂ ನಿಲ್ಲದಿದ್ದರೆ ಬಾಯಿಯ ದಾರಿ ಇವತ್ತು ಆಗುವುದಿಲ್ಲ ಎಂದೇ ಅರ್ಥ. ಇಂಜೆಕ್ಷನ್ ಇದೆ, ಗುದದ್ವಾರದಲ್ಲಿ ಇಡುವ ಗುಳಿಗೆಯೂ ಇದೆ. ಮೂರನೇ ಮಾತ್ರೆ ಹಾಕುವ ಬದಲು ಅದನ್ನು ಕೇಳಿ. ಒಂದು ಔಷಧಿ ಕೆಲಸ ಮಾಡಲಿಲ್ಲ ಎಂದು ಮನೆಯಲ್ಲಿದ್ದ ಇನ್ನೊಂದನ್ನು ಸುಮ್ನೆ ಸೇರಿಸುವುದಂತೂ ಖಂಡಿತ ಬೇಡ.

ನೀರಿನ ವಿಷಯ ಎರಡೇ ಮಾತು: ಮಾತ್ರೆಯ ಅರ್ಧ ಗಂಟೆ ಆದ ಮೇಲೆ ಒಆರ್‌ಎಸ್ ಚಮಚ ಚಮಚವಾಗಿ. ಲೋಟ ಎತ್ತಬೇಡಿ.

ಸಿರಪ್ ಮತ್ತು ಅಂಟಿಸುವ ಪಟ್ಟಿ

ಮಕ್ಕಳ ಸಿರಪ್‌ನಲ್ಲಿ ಎಡವಟ್ಟಾಗುವುದು ಮಿಲಿಗ್ರಾಂ ಮತ್ತು ಮಿಲಿಲೀಟರ್ ನಡುವೆ. ಒಂಡಾನ್ಸೆಟ್ರಾನ್ ಸಿರಪ್ ಒಂದರಲ್ಲಿ 5 ಮಿಲಿಲೀಟರಿಗೆ 2 ಮಿಲಿಗ್ರಾಂ, ಇನ್ನೊಂದರಲ್ಲಿ 4 ಇರುತ್ತದೆ. ಬಾಟಲಿ ಬದಲಾದರೆ ಲೆಕ್ಕವೂ ಬದಲು. ಅಡುಗೆಮನೆಯ ಚಮಚ ಬಿಡಿ, ಸೂಜಿಯಿಲ್ಲದ ಅಳತೆ ಸಿರಿಂಜ್ ಬಳಸಿ. ಎರಡು ವರ್ಷದೊಳಗಿನ ಮಗುವಿಗೆ ಪ್ರೊಮೆಥಜೀನ್ ಕೊಡಲೇಬಾರದು, ಉಸಿರು ನಿಲ್ಲುವ ಅಪಾಯವಿದೆ. ಅಮೆರಿಕದ ಔಷಧಿ ಇಲಾಖೆ 2004ರಲ್ಲೇ ಇದರ ಬಗ್ಗೆ ಕಡು ಎಚ್ಚರಿಕೆ ಹಾಕಿಸಿದೆ.

ಪ್ರಯಾಣಕ್ಕೆಂದು ಕಿವಿಯ ಹಿಂದೆ ಅಂಟಿಸುವ ಸ್ಕೊಪೊಲಮೈನ್ ಪಟ್ಟಿ ಬರೆದುಕೊಟ್ಟಿದ್ದರೆ, ಹೊರಡುವ 4 ಗಂಟೆ ಮುಂಚೆ ಅಂಟಿಸಿ. 3 ದಿನ ನಡೆಯುತ್ತದೆ. ಅರ್ಧ ಸಾಕು ಎಂದು ಕತ್ತರಿ ಹಾಕಬೇಡಿ. ಮುಟ್ಟಿದ ಕೈ ತೊಳೆಯದೆ ಕಣ್ಣುಜ್ಜಿದರೆ ಕಣ್ಣಿನ ಪಾಪೆ ಹಿಗ್ಗಿ ದೃಷ್ಟಿ ಮಂಜಾಗುತ್ತದೆ.

ಹಂತ 5: ಏನಾಗುತ್ತಿದೆ ನೋಡುತ್ತಿರಿ

ಒಂಡಾನ್ಸೆಟ್ರಾನ್‌ಗೆ ತಲೆನೋವು, ಮಲಬದ್ಧತೆ ಮಾಮೂಲು. ಎದೆ ಡವಡವ ಹೊಡೆದುಕೊಂಡರೆ, ಕಣ್ಣು ಕತ್ತಲೆ ಬಂದು ಬಿದ್ದರೆ ಮಾಮೂಲಲ್ಲ, ಆಸ್ಪತ್ರೆಗೆ ಹೋಗಿ. ಮೆಟೋಕ್ಲೋಪ್ರಮೈಡ್ ತೆಗೆದುಕೊಂಡವರಿಗೆ, ಅದರಲ್ಲೂ ಮಕ್ಕಳಿಗೆ ಮತ್ತು ಹರೆಯದವರಿಗೆ, ಕತ್ತು ಒಂದು ಕಡೆ ತಿರುಚಿಕೊಳ್ಳುವುದು, ಕಣ್ಣುಗುಡ್ಡೆ ಮೇಲಕ್ಕೆ ಹೋಗಿ ನಿಲ್ಲುವುದು, ದವಡೆ ಬಿಗಿಯುವುದು ಆಗಬಹುದು. ನೋಡಿದವರು ಫಿಟ್ಸ್ ಎಂದು ಗಾಬರಿಯಾಗುತ್ತಾರೆ. ಔಷಧಿಯಿಂದ ಆದದ್ದು ಎಂದು ಹೇಳಿದರೆ ಡಾಕ್ಟರ್ ಇಂಜೆಕ್ಷನ್ನಿನಲ್ಲಿ ಬೇಗ ಸರಿ ಮಾಡುತ್ತಾರೆ. ಹೇಳದಿದ್ದರೆ ಬೇರೆ ಏನೇನೋ ಪರೀಕ್ಷೆ. ಕೂತಲ್ಲಿ ಕೂರಲಾಗದೆ ಚಡಪಡಿಸುವುದೂ ಅದರದೇ ಕೆಲಸ. ಪ್ರೊಮೆಥಜೀನ್ ನುಂಗಿ ಗಾಡಿ ಓಡಿಸಬೇಡಿ, ಮದ್ಯ ಕುಡಿಯಲೂ ಬೇಡಿ.

ಹಂತ 6: ನಿಲ್ಲಿಸುವುದು

ಯುರೋಪಿನ ಔಷಧಿ ಸಂಸ್ಥೆ 2013ರಲ್ಲಿ ಮೆಟೋಕ್ಲೋಪ್ರಮೈಡ್‌ಗೆ 5 ದಿನದ ಮಿತಿ ಹಾಕಿತು. 2014ರಲ್ಲಿ ಡೊಂಪೆರಿಡೋನ್ ಸಾಮಾನ್ಯವಾಗಿ ಒಂದು ವಾರ ದಾಟಬಾರದು ಎಂದಿತು. ತಿಂಗಳುಗಟ್ಟಲೆ ಮೆಟೋಕ್ಲೋಪ್ರಮೈಡ್ ನುಂಗಿದವರಲ್ಲಿ ತುಟಿ, ನಾಲಿಗೆ ತಾವಾಗಿಯೇ ಆಡುತ್ತಿರುವ ತೊಂದರೆ ಬರಬಹುದು, ಮಾತ್ರೆ ಬಿಟ್ಟರೂ ಹೋಗದೆ ಉಳಿಯಬಹುದು. ಹಳೇ ಚೀಟಿ ತೋರಿಸಿ ಮತ್ತೆ ಮತ್ತೆ ತರುವವರು ಇದನ್ನು ಇನ್ನೊಮ್ಮೆ ಓದಿ.

ಮಾತ್ರೆ ಹಾಕುತ್ತಾ ಮನೆಯಲ್ಲೇ ಕೂರಬಾರದ ವಾಂತಿಯೂ ಇದೆ. ರಕ್ತ ಇದ್ದರೆ ಅಥವಾ ಕಾಫಿಪುಡಿಯ ಹಾಗೆ ಕಂಡರೆ, ಕಡು ಹಸಿರಾಗಿದ್ದರೆ, ತಲೆಗೆ ಪೆಟ್ಟು ಬಿದ್ದ ಮೇಲೆ ಶುರುವಾದರೆ, ಕತ್ತು ಬಿಗಿದು ತಲೆ ಸಿಡಿಯುತ್ತಿದ್ದರೆ, ಹೊಟ್ಟೆ ಉಬ್ಬಿ ಗಾಳಿಯೂ ಹೋಗದಿದ್ದರೆ, ಎಂಟು ಗಂಟೆಯಾದರೂ ಮೂತ್ರ ಬರದಿದ್ದರೆ ನೇರ ಆಸ್ಪತ್ರೆಗೆ. ಹೊಟ್ಟೆಯ ಆಪರೇಷನ್ ಆದವರಲ್ಲಿ ಒಂಡಾನ್ಸೆಟ್ರಾನ್ ವಾಂತಿಯನ್ನಷ್ಟೇ ಅಡಗಿಸಿ, ಕರುಳು ನಿಂತುಹೋಗಿರುವುದನ್ನು ಮುಚ್ಚಿಟ್ಟುಬಿಡಬಹುದು. ಹೋಗುವಾಗ ಸಮಯ ಬರೆದ ಆ ಹಾಳೆ, ಖಾಲಿಯಾದ ಪಟ್ಟಿ ಎರಡನ್ನೂ ಜೇಬಿಗೆ ಹಾಕಿಕೊಳ್ಳಿ. "ಬಿಳೀ ಮಾತ್ರೆ, ಸಣ್ಣದು" ಎಂದರೆ ಅಲ್ಲಿ ಯಾರಿಗೂ ಏನೂ ತಿಳಿಯುವುದಿಲ್ಲ.