ಆಟಿಯಲ್ಲಿ ಕಾಣದ ಡೀಸೆಲ್

ಮಂಗಳೂರಿನ ಹೊರವಲಯದ ಗುಡ್ಡೆಯೊಂದರ ಇಳಿಜಾರಿನಲ್ಲಿ ಹಲವು ವರ್ಷ ಲಾರಿ ಗ್ಯಾರೇಜ್ ಇದ್ದ ಜಾಗದಲ್ಲಿ ಮನೆಗಳನ್ನು ಕಟ್ಟುವ ಮೊದಲು, ನೆಲದಡಿಯ ಮಣ್ಣು ಮತ್ತು ನೀರನ್ನು ಪರೀಕ್ಷಿಸಿ ವರದಿ ಕೊಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಯಂತ್ರ ಇಳಿಸುವ ಮೊದಲು ಅಲ್ಲಿ ದುಡಿದವರನ್ನು ಹುಡುಕಿ ಮಾತನಾಡಿಸಲು ಎರಡು ದಿನ ಮೀಸಲಿಟ್ಟೆ. ಯಾವ ನಕ್ಷೆಯಲ್ಲೂ ಇಲ್ಲದ ಡೀಸೆಲ್ ಟ್ಯಾಂಕೊಂದು ಶೆಡ್ಡಿನ ಹಿಂದೆ ನೆಲದಲ್ಲಿ ಹೂತಿದೆ ಎಂಬುದೂ, ಬಿಡಿಭಾಗಗಳನ್ನು ಪೆಟ್ರೋಲಿನಲ್ಲಿ ತೊಳೆದು ಅಲ್ಲಿಯೇ ಚೆಲ್ಲುತ್ತಿದ್ದರು ಎಂಬುದೂ ತಿಳಿದದ್ದು ಒಬ್ಬ ಹಳೆಯ ಮೆಕ್ಯಾನಿಕ್‌ನಿಂದ.

ಇಲ್ಲಿನ ಗುಡ್ಡೆಗಳಲ್ಲಿ ಸಾಮಾನ್ಯವಾಗಿ ಮೇಲೆ ಮುರಕಲ್ಲು ಎಂಬ ರಂಧ್ರಗಳಿರುವ ಕೆಂಪು ಕಲ್ಲು, ಅದರಡಿ ಜೇಡಿಯಂತಹ ಮೆತ್ತನೆಯ ಶೇಡಿಮಣ್ಣು, ಇನ್ನೂ ಆಳದಲ್ಲಿ ನೈಸ್ ಎಂಬ ಗಟ್ಟಿ ಬಂಡೆ ಇರುತ್ತದೆ. ಮುರಕಲ್ಲಿನ ರಂಧ್ರಗಳಲ್ಲಿ ನೀರು ಸಲೀಸಾಗಿ ಹರಿದರೆ, ಶೇಡಿಯಲ್ಲಿ ತೀರಾ ನಿಧಾನವಾಗಿ ಇಳಿಯುತ್ತದೆ. ಆದ್ದರಿಂದ ಶೇಡಿಯನ್ನು ಪೂರ್ತಿ ತೂತು ಮಾಡಿದರೆ ಮೇಲಿನ ಕೊಳೆಯನ್ನು ನಾವೇ ಬಂಡೆಯ ಬಿರುಕುಗಳಿಗೆ ಇಳಿಸಿದಂತಾಗುತ್ತದೆ. ಬೋರ್‌ವೆಲ್ ಲಾರಿಯನ್ನು ನಾನು ಒಪ್ಪಲಿಲ್ಲ; ಅದರ ಗಾಳಿಯ ಒತ್ತಡಕ್ಕೆ ಆವಿಯಾಗುವ ಅಂಶಗಳು ಹಾರಿಹೋಗುತ್ತವೆ, ಕಂಪ್ರೆಸರಿನ ಎಣ್ಣೆಯೂ ಮಾದರಿಯಲ್ಲಿ ಸೇರಬಹುದು. ಟ್ರೈಪಾಡ್ ಕಟ್ಟಿ ನಿಧಾನವಾಗಿ ಕೊರೆಸಿ, ಕೊರೆಯಲು ಬಳಸಿದ ನೀರಿನ ಮಾದರಿಯನ್ನೂ ಪ್ರತ್ಯೇಕವಾಗಿ ತೆಗೆದಿಟ್ಟೆ.

ಟ್ಯಾಂಕಿನ ಪಕ್ಕದ ರಂಧ್ರದಲ್ಲಿ ಆರು ಮೀಟರ್ ಆಳದಿಂದ ತೆಗೆದ ಕೊಳವೆಯನ್ನು ಬಿಡಿಸಿದಾಗ ಒಳಗಿನ ಮಣ್ಣು ಕೆಂಪಾಗಿರಲಿಲ್ಲ. ಬೂದಿ ಬಣ್ಣಕ್ಕೆ ತಿರುಗಿದ್ದ ಅದನ್ನು ಬೆರಳಲ್ಲಿ ಮುರಿದಾಗ ಹಳಸಿದ ಡೀಸೆಲ್ ವಾಸನೆ ಬಂತು. ಎಣ್ಣೆಯನ್ನು ತಿನ್ನುವ ಸೂಕ್ಷ್ಮಾಣುಗಳು ಆಮ್ಲಜನಕ ಮುಗಿದ ಮೇಲೆ ಮಣ್ಣಿನ ಕಬ್ಬಿಣವನ್ನು ಬಳಸಿಕೊಳ್ಳುವುದರಿಂದ ಮುರಕಲ್ಲಿನ ಕೆಂಪು ಹೀಗೆ ಮಾಸುತ್ತದೆ. ಅದು ಆಗಸ್ಟ್ ತಿಂಗಳು, ತುಳುವರ ಆಟಿಯ ಮಳೆಗಾಲ; ನೀರು ಮೂರು ಮೀಟರಿನಲ್ಲಿಯೇ ನಿಂತಿತ್ತು. ನಾಲ್ಕು ರಂಧ್ರಗಳಿಗೆ ಸೀಳುಗಳಿರುವ ಪಿವಿಸಿ ಪೈಪ್ ಇಳಿಸಿ, ಸುತ್ತ ಜಲ್ಲಿ ತುಂಬಿ, ಮೇಲೆ ಬೆಂಟೊನೈಟ್ ಎಂಬ, ನೀರು ತಾಗಿದರೆ ಉಬ್ಬುವ ಜೇಡಿಯಿಂದ ಮುಚ್ಚಿದೆ. ಬೇಸಿಗೆಯ ಮತ್ತು ಮಳೆಗಾಲದ ನೀರಿನ ಮಟ್ಟಗಳೆರಡೂ ಸೀಳಿನ ಭಾಗದೊಳಗೆ ಬರುವಂತೆ ನೋಡಿಕೊಂಡಿದ್ದೆ. ಯಾವ ಪೈಪಿನಲ್ಲಿಯೂ ತೇಲುವ ಎಣ್ಣೆ ಸಿಗಲಿಲ್ಲ, ಕರಡು ವರದಿಯಲ್ಲಿ ಹಾಗೆಯೇ ಬರೆದೆ.

ಪೈಪುಗಳ ಬಾಯಿಯ ಎತ್ತರವನ್ನು ಲೆವೆಲ್ ಯಂತ್ರದಿಂದ ಅಳೆದು ನೀರಿನ ಮಟ್ಟಗಳನ್ನು ಹೋಲಿಸಿದಾಗ, ನೆಲ ಪಶ್ಚಿಮಕ್ಕೆ ಇಳಿದಿದ್ದರೂ ನೆಲದಡಿಯ ನೀರು ದಕ್ಷಿಣದ ತೋಡಿನ (ಸಣ್ಣ ಹಳ್ಳದ) ಕಡೆಗೆ ಸಾಗುತ್ತಿರುವುದು ಕಂಡಿತು. ಆ ದಾರಿಯಲ್ಲಿ ಒಂದು ಮನೆಯ ಬಾವಿಯಿತ್ತು. ಅನುಮತಿ ಕೇಳಲು ಹೋದಾಗ ಆ ಮನೆಯ ಹಿರಿಯಮ್ಮ, "ಆಟಿಯ ಮಳೆಯಲ್ಲಿ ನೋಡಿದ್ರೆ ಎಂತ ಸಿಗ್ತದೆ ಮಾರಾಯ್ರೆ? ಸುಗ್ಗಿ ಕಳೆದು ನೀರು ಅಡಿಗೆ ಹೋದ ಮೇಲೆ ಬನ್ನಿ, ವಾಸನೆ ಆಗ ಬರುವುದು" ಎಂದರು.

ಅವರ ಮಾತು ಮಣ್ಣಿನಲ್ಲಿ ಕಂಡದ್ದಕ್ಕೆ ಸರಿಯಾಗಿ ಹೊಂದುತ್ತಿತ್ತು, ನಾನು ಅದನ್ನು ಮೊದಲೇ ಯೋಚಿಸಬೇಕಿತ್ತು. ಮಳೆಗಾಲದಲ್ಲಿ ಏರಿದ ನೀರು ಎಣ್ಣೆಯನ್ನು ಹನಿಹನಿಯಾಗಿ ಮಣ್ಣಿನ ಸಂದುಗಳಲ್ಲಿ ಸಿಕ್ಕಿಸಿಬಿಡುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಆ ಹನಿಗಳು ಸಡಿಲಗೊಂಡು ಒಟ್ಟಾಗಿ ಪೈಪಿಗೆ ಬರುತ್ತವೆ. ವರದಿಯನ್ನು ತಡೆಹಿಡಿದು ಏಪ್ರಿಲ್ ಕೊನೆಯಲ್ಲಿ ಮತ್ತೆ ಹೋದೆ. ನೀರು ಏಳು ಮೀಟರಿಗಿಂತ ಕೆಳಗೆ ಇಳಿದಿತ್ತು. ಟ್ಯಾಂಕಿನ ಪಕ್ಕದ ಪೈಪಿಗೆ ಇಳಿಸಿದ ಪಾರದರ್ಶಕ ಬೈಲರ್ (ನೀರಿನ ಮಾದರಿ ಎತ್ತುವ ಉದ್ದನೆಯ ಕೊಳವೆ) ಮೇಲೆ ಬಂದಾಗ ನೀರಿನ ಮೇಲೆ ಎರಡು ಬೆರಳು ದಪ್ಪದ ಕಂದು ಎಣ್ಣೆ ನಿಂತಿತ್ತು.

ಆ ಮನೆಯ ಬಾವಿಯಿಂದ 40 ಮಿಲಿಲೀಟರಿನ ಕಂದುಗಾಜಿನ ಬಾಟಲಿಗಳಲ್ಲಿ ಒಂದು ಗುಳ್ಳೆಯೂ ಉಳಿಯದಂತೆ ನೀರು ತುಂಬಿ, ಆಮ್ಲ ಹಾಕಿದ ಬಾಟಲಿಗಳನ್ನು ಐಸ್ ಪೆಟ್ಟಿಗೆಯಲ್ಲಿಟ್ಟು, ಜೊತೆಗೆ, ದಾರಿಯಲ್ಲಿ ಬೇರೇನೂ ಸೇರಿಲ್ಲವೆಂದು ಖಚಿತಪಡಿಸಿಕೊಳ್ಳಲು, ಶುದ್ಧ ನೀರಿನ ಬಾಟಲಿಯೊಂದನ್ನೂ ತೆರೆಯದೆ ಪ್ರಯೋಗಾಲಯಕ್ಕೆ ಕಳುಹಿಸಿದೆ. ಪೆಟ್ರೋಲಿನಲ್ಲಿರುವ ವಿಷಕಾರಿ ಅಂಶವಾದ ಬೆಂಜೀನ್‌ಗೆ ಕುಡಿಯುವ ನೀರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಬಾವಿಯ ನೀರು ಅದನ್ನು ಮೀರಿತ್ತು. ಫಲಿತಾಂಶ ಕೈಸೇರಿದ ದಿನವೇ ಹೋಗಿ, ಆ ನೀರನ್ನು ಕುಡಿಯುವುದಕ್ಕೂ ಅಡುಗೆಗೂ ಬಳಸಬಾರದೆಂದು ಹೇಳಿ, ಬೇರೆ ನೀರಿನ ವ್ಯವಸ್ಥೆಯನ್ನು ಜಾಗದ ಮಾಲೀಕರಿಂದಲೇ ಮಾಡಿಸಿದೆ.

ಈಗ ಟ್ಯಾಂಕನ್ನೂ ಅದರ ಸುತ್ತಲಿನ ಮಣ್ಣನ್ನೂ ತೆಗೆಸಲಾಗಿದೆ. ಆ ನಾಲ್ಕು ಪೈಪುಗಳನ್ನು ಮಾತ್ರ ಮುಚ್ಚಲು ಬಿಟ್ಟಿಲ್ಲ; ಆಟಿಯಲ್ಲೊಮ್ಮೆ, ಬೇಸಿಗೆಯ ಪಗ್ಗು ತಿಂಗಳಿನಲ್ಲೊಮ್ಮೆ ಹೋಗಿ ಅಳೆದು, ಹಿರಿಯಮ್ಮನ ಬಾವಿಯ ಮಾದರಿಯನ್ನೂ ತೆಗೆದುಕೊಂಡು ಬರುತ್ತೇನೆ.