ಸ್ಲೋ ಲೋಕಲ್‌ನಲ್ಲಿ ನಿಂತೇ ಮಾಡುವ ಧ್ಯಾನ

ಮುಂಬೈಯ ಒಂದು ಕೋಣೆಯ ಮನೆಯಲ್ಲಿ ಪದ್ಮಾಸನಕ್ಕೆ ಜಾಗ ಹುಡುಕುವುದಕ್ಕಿಂತ ಠಾಣೆಯಿಂದ ದಾದರಿಗೆ ಹೋಗುವ, ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ ಸ್ಲೋ ಲೋಕಲ್ ರೈಲೇ ಧ್ಯಾನಕ್ಕೆ ಮೇಲು. ದಿನಾ ತಪ್ಪದೆ ಸಿಗುವ ಹೊತ್ತು ಅದು. ಹೊಸಬರಿಗೆ ಮೂರು ಸ್ಟೇಷನ್ ಸಾಕು. ಮುಲುಂಡಿನಿಂದ ಕಾಂಜುರ್‌ಮಾರ್ಗ್, ಹೆಚ್ಚುಕಡಿಮೆ ಹತ್ತು ನಿಮಿಷ.

ಬಾಗಿಲ ಬಳಿ ಮಾತ್ರ ಬೇಡ. ಸೀಟುಗಳ ನಡುವೆ ಸರಿದು, ಬ್ಯಾಗು ಮೇಲಿಟ್ಟು, ಮೊಬೈಲು ಮುಂದಿನ ಜೇಬಿಗೆ ಸೇರಿಸಿ, ಹಿಡಿಕೆ ಹಿಡಿಯಿರಿ. ಕಣ್ಣು ಅರೆತೆರೆದಿರಲಿ. ಮೂವರ ಸೀಟಿನ ಅಂಚಿನಲ್ಲಿ ನಾಲ್ಕನೆಯವರಾಗಿ ಕೂರುವ ‘ಫೋರ್ತ್ ಸೀಟು’ ಸಿಕ್ಕರೂ ಕಣ್ಣು ಪೂರ್ತಿ ಮುಚ್ಚಬೇಡಿ. ಅರ್ಧ ತೊಡೆ ಹೊರಗಿಟ್ಟು ತೂಕಡಿಸಿದರೆ ಜಾರುವುದೇ.

ಮೊದಲ ಸ್ಟೇಷನ್‌ವರೆಗೆ ಅಂಗಾಲನ್ನಷ್ಟೇ ಗಮನಿಸಿ. ಬ್ರೇಕ್ ಬಿದ್ದಾಗ ಮೈಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ಹೋಗುವುದು ತಿಳಿಯುತ್ತದೆ. ಆಮೇಲೆ ಉಸಿರು ಹೊರಬಿಟ್ಟಾಗಲೆಲ್ಲ ಒಂದೊಂದು ಎಣಿಕೆ, ಹತ್ತಾದರೆ ಮತ್ತೆ ಒಂದು. ಹದಿನೇಳಕ್ಕೆ ಹೋಗಿಬಿಟ್ಟಿದ್ದರೆ ಬಾಯಿ ಎಣಿಸುತ್ತಿದೆ, ಮನಸ್ಸು ಆಫೀಸಿನಲ್ಲಿದೆ ಎಂದರ್ಥ. ಬೈದುಕೊಳ್ಳದೆ ಒಂದಕ್ಕೆ ಮರಳಿ. ಆ ಮರಳುವಿಕೆಯೇ ಅಭ್ಯಾಸ. ಉಸಿರನ್ನು ಜೋರಾಗಿ ಎಳೆಯಬೇಡಿ. ರಕ್ತದ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ತಿರುಗುತ್ತದೆ, ಬೆರಳು ಜುಮ್ಮೆನ್ನುತ್ತದೆ.

‘ಪುಢೀಲ್ ಸ್ಟೇಶನ್ ಭಾಂಡುಪ್’ (ಮುಂದಿನ ಸ್ಟೇಷನ್ ಭಾಂಡುಪ್) ಎಂಬ ಘೋಷಣೆ ಕಿರಿಕಿರಿಯಲ್ಲ, ಧ್ಯಾನಕ್ಕೆ ಪುಕ್ಕಟೆ ಸಿಕ್ಕ ಗಂಟೆಯ ಸದ್ದು. ಮರಾಠಿ, ಹಿಂದಿ, ಇಂಗ್ಲಿಷ್ ಮುಗಿಯುವವರೆಗೆ ಎಣಿಕೆ ಬಿಟ್ಟು ಆ ದನಿಯನ್ನೇ ಕೇಳಿ.

ಯೋಚನೆ ನುಗ್ಗಿದರೆ ಅದಕ್ಕೊಂದು ಹೆಸರಿಡಿ: ‘ಚಿಂತೆ’, ‘ಲೆಕ್ಕಾಚಾರ’, ‘ಸಿಟ್ಟು’. ದಿನವಿಡೀ ಮರಾಠಿ, ಹಿಂದಿ ಆಡುವವರೂ ಇಲ್ಲಿ ಮನೆಮಾತನ್ನೇ ಬಳಸುವುದು ಒಳ್ಳೆಯದು. ಒಳಗಿನ ಜಗಳ ನಡೆಯುವುದು ಕನ್ನಡದಲ್ಲೋ ತುಳುವಿನಲ್ಲೋ ತಾನೇ. ‘ಬಾಸ್ ಹಾಗಂದರಲ್ಲ’ ಎಂಬುದು ಹತ್ತನೆಯ ಸಲ ಸುತ್ತುವ ಬದಲು ಎರಡನೆಯ ಸಲಕ್ಕೇ ಕಣ್ಣಿಗೆ ಬಿದ್ದರೆ, ಮನಸ್ಸಿಗೆ ಇದರಿಂದ ಸಿಗುವ ದೊಡ್ಡ ಲಾಭ ಅದೇ.

ಗಾಬರಿಯ ತೊಂದರೆ ಇರುವವರಿಗೆ ಗುಂಪಿನಲ್ಲಿ ಉಸಿರು ನೋಡಿದರೆ ಎದೆ ಇನ್ನಷ್ಟು ಕಟ್ಟಬಹುದು. ಅವರು ಉಸಿರಿನ ತಂಟೆಗೇ ಹೋಗದೆ ಹಿಡಿಕೆಯ ತಂಪು, ಎದುರಿನ ಅಂಗಿಗಳ ಬಣ್ಣ ಗಮನಿಸಲಿ.

ಇಗತಪುರಿಯ ವಿಪಶ್ಯನಾ ಧ್ಯಾನಕೇಂದ್ರದ 10 ದಿನಗಳ ಮೌನ ಶಿಬಿರ ಮೊದಲ ಮೆಟ್ಟಿಲಲ್ಲ; ಅಲ್ಲಿ ದಿನಕ್ಕೆ ಸುಮಾರು ಹತ್ತು ಗಂಟೆ ಕೂರಬೇಕು. ತೀವ್ರ ಖಿನ್ನತೆ, ಬೈಪೋಲಾರ್ (ಮನಸ್ಸು ಅತಿ ಉತ್ಸಾಹ, ಖಿನ್ನತೆಗಳ ನಡುವೆ ತೂಗುವ ಕಾಯಿಲೆ) ಇದ್ದವರು ಮನೋವೈದ್ಯರನ್ನು ಕೇಳದೆ ಹೋಗಬಾರದು. ಧ್ಯಾನ ಶುರುವಾಯಿತೆಂದು ಮಾತ್ರೆ ನಿಲ್ಲಿಸುವುದಂತೂ ಬೇಡವೇ ಬೇಡ. ಎರಡು ವಾರವಾದರೂ ನಿದ್ದೆ, ಊಟ ಸರಿಹೋಗದಿದ್ದರೆ ಅಥವಾ ಸಾಯುವ ಯೋಚನೆ ಒಮ್ಮೆ ಬಂದರೂ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು.

ದೂರ ಹೋಗುವವರು ಸಾಯನ್ ಬರುತ್ತಲೇ ಎಣಿಕೆ ನಿಲ್ಲಿಸಿ. ದಾದರಿನಲ್ಲಿ ಇಳಿಯಬೇಕಾದರೆ ಅದರ ಹಿಂದಿನ ಸ್ಟೇಷನ್ ಮಾಟುಂಗಾಕ್ಕೇ ಬಾಗಿಲ ಕಡೆ ಸರಿದಿರಬೇಕು.